ರೇಡಿಯೋ ಕೇಳಿದರೆ ಸಾಲದು, ಮಾತನಾಡಲೂ ಬೇಕು

ರೈತರಿಗೂ ರೇಡಿಯೋಗೂ ಇರುವ ನಂಟು ಹಳೆಯದು. ಮಳೆಯ ಮುನ್ಸೂಚನೆ, ಪೇಟೆ ಧಾರಣೆ, ಕೀಟ-ರೋಗಗಳ ಹತೋಟಿ ಮುಂತಾದ ವಿಷಯಗಳನ್ನು ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಿಂದ ತಿಳಿದು ಪ್ರಯೋಜನ ಪಡೆದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಆದರೆ ಈ ನಂಟಿನಲ್ಲಿ ಒಂದು ಕೊರತೆಯಿದೆ. ಹೇಳುವವರು ಬಹುಮಟ್ಟಿಗೆ ಪಟ್ಟಣದವರು, ಕೇಳುವವರು ಹಳ್ಳಿಯವರು. ಎಕರೆಗೆ ಎಷ್ಟು ಗೊಬ್ಬರ ಎಂಬ ಪ್ರಶ್ನೆಗೆ ಈ ಏರ್ಪಾಡು ಸಾಕು. ಊರಿನ ಕೆರೆಗೆ ಎಂಥ ನೀರು ಬರುತ್ತಿದೆ, ಗೋಮಾಳದ ಒತ್ತುವರಿ ತೆರವಾಗುವುದೆಂದು, ಪಂಚಾಯಿತಿಯ ಹಣ ಯಾವ ಕೆಲಸಕ್ಕೆ ಹೋಯಿತು ಎಂಬ ಪ್ರಶ್ನೆಗಳಿಗೆ ಸಾಲದು. ಅವನ್ನು ಕುರಿತು ಊರಿನವರೇ ಮಾತನಾಡಬೇಕು, ಅದನ್ನು ಊರೆಲ್ಲ ಕೇಳಬೇಕು.

ಇದು ಹೊಸ ವಿಚಾರವೇನೂ ಅಲ್ಲ. 1956ರಲ್ಲಿ ಆಕಾಶವಾಣಿಯ ಪುಣೆ ನಿಲಯವು ಯುನೆಸ್ಕೋ ನೆರವಿನಿಂದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮೀಣ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆ ಎರಡರಂತೆ 10 ವಾರ, ಒಟ್ಟು 20 ಕಾರ್ಯಕ್ರಮಗಳು. ಹಳ್ಳಿಗರು ಒಂದೆಡೆ ಕುಳಿತು ಅರ್ಧ ಗಂಟೆ ಕೇಳುವುದು, ಬಳಿಕ ತಮ್ಮೊಳಗೆ ಚರ್ಚಿಸುವುದು, ತಮ್ಮ ಸಂದೇಹಗಳನ್ನು ನಿಲಯಕ್ಕೆ ಬರೆದು ಕಳುಹಿಸುವುದು, ಅವಕ್ಕೆ ನಿಲಯವು ಉತ್ತರ ಕೊಡುವುದು. ಇದೇ ಕ್ರಮ. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಿಗಿಂತ ಕೂಟ ನಡೆದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಹೆಚ್ಚಾಗಿ ಬೆಳೆದುದು ಆಗ ನಡೆದ ಮೌಲ್ಯಮಾಪನದಿಂದ ಕಂಡುಬಂತು. ಕೇಳಿದ ಮೇಲೆ ನಡೆದ ಮಾತುಕತೆಯ ಫಲ ಇದು.

ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು ಕೋಲಾರ ಜಿಲ್ಲೆಯ ಬೂದಿಕೋಟೆಯವರು. ಅಲ್ಲಿ 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೂ ಯುವಕರೂ ತಾವೇ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸತೊಡಗಿದರು. ಹಳ್ಳಿಗರು ಸ್ವಂತ ಬಾನುಲಿ ಪ್ರಸಾರ ಮಾಡಲು ಆಗ ಪರವಾನಗಿ ಇರಲಿಲ್ಲ. ಆದ್ದರಿಂದ ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸಿದರು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿದ್ದರೂ, ಸ್ವಯಂಸೇವಾ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು ಹಾಗೂ ಕೃಷಿ ವಿಜ್ಞಾನ ಕೇಂದ್ರಗಳು ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರದ ಅವಕಾಶ ದೊರೆತದ್ದು 2006ರಲ್ಲಿ. ಮರುವರ್ಷವೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ಬಾನುಲಿ ಕೇಂದ್ರ ಆರಂಭವಾಯಿತು. 2008ರಲ್ಲಿ ನಮ್ಮ ಬೀದರ್ ಗಡಿಗೆ ಸಮೀಪದ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಮಹಿಳೆಯರು 'ಸಂಘಂ ರೇಡಿಯೋ' ತೆರೆದರು. ಸಿರಿಧಾನ್ಯ, ನಾಟಿ ಬೀಜ, ಮನೆಮದ್ದು, ಹಾಡು-ಹಸೆ ಇವೆಲ್ಲ ಅವರ ಆಡುಮಾತಿನಲ್ಲೇ ಅಲ್ಲಿ ಪ್ರಸಾರವಾದವು.

ಇಲ್ಲಿ ಒಂದು ತೊಡಕಿದೆ. ಸಮುದಾಯ ಬಾನುಲಿಯ ನಿಯಮಗಳ ಪ್ರಕಾರ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು. ಆದರೆ ಸ್ವಂತ ಸುದ್ದಿ ಹಾಗೂ ರಾಜಕೀಯ ಸ್ವರೂಪದ ಕಾರ್ಯಕ್ರಮ ಕೂಡದು. ಈ ಭಯದಿಂದ ಕೆಲವರು ಊರಿನ ಯಾವ ತಕರಾರನ್ನೂ ಮುಟ್ಟದೆ, ಅಡುಗೆ ಮತ್ತು ಚಿತ್ರಗೀತೆಗಳಲ್ಲೇ ವೇಳೆ ಕಳೆಯುವುದುಂಟು. ಇದು ಸರಿಯಲ್ಲ. ಪಕ್ಷದ ಪ್ರಚಾರ ಬೇರೆ, ಊರಿನ ನೀರಿನ ವಿಚಾರ ಬೇರೆ. ಕೃಷಿ, ಆರೋಗ್ಯ, ಪರಿಸರ, ಸಂಸ್ಕೃತಿ ಇವನ್ನು ಕುರಿತು ಮಾತನಾಡಲು ನಿಯಮವೇ ಅವಕಾಶ ಕೊಟ್ಟಿದೆ. ನೀರು, ವಿದ್ಯುತ್ತಿನಂಥ ನಾಗರಿಕ ಸೌಕರ್ಯಗಳ ಮಾಹಿತಿಯನ್ನೂ ಕೊಡಬಹುದು. ಇಷ್ಟನ್ನು ನೆಟ್ಟಗೆ ಬಳಸಿಕೊಂಡರೂ ಊರಿನ ಮುಖ್ಯ ಪ್ರಶ್ನೆಗಳೆಲ್ಲ ಚರ್ಚೆಗೆ ಬರುತ್ತವೆ.

ಉದಾಹರಣೆಗೆ ಕೋಲಾರ ಜಿಲ್ಲೆಯನ್ನೇ ನೋಡೋಣ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಆ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ಜನ ಗಾಬರಿಯಾದರು. ವಿಷಯ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಬತ್ತಿದ ಕೊಳವೆ ಬಾವಿಗೆ ನೀರು ಬಂತೆಂದು ಒಬ್ಬರು ಸಂತೋಷಪಟ್ಟರೆ, ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆಂದು ಇನ್ನೊಬ್ಬರು ಪಟ್ಟು ಹಿಡಿದರು. ಇಬ್ಬರೂ ರೈತರೇ. ಇವರಿಬ್ಬರನ್ನೂ ಒಂದೇ ಮೈಕಿನ ಮುಂದೆ ಕೂರಿಸಿ, ನೀರು ಪರೀಕ್ಷಿಸಿದ ವಿಜ್ಞಾನಿಯನ್ನೂ ಜೊತೆಗೆ ಕರೆದರೆ ಎಷ್ಟು ವಿಷಯ ಬಯಲಾಗುತ್ತದೆ! ನೀರಿನಲ್ಲಿ ಲವಣಾಂಶ ಎಷ್ಟು, ಸೋಡಿಯಂ ಎಷ್ಟು, ಭಾರ ಲೋಹಗಳಿವೆಯೇ, ವರ್ಷಕ್ಕೆ ಎಷ್ಟು ಸಲ ಪರೀಕ್ಷೆಯಾಗುತ್ತಿದೆ, ವರದಿ ಪಂಚಾಯಿತಿಗೆ ಬರುತ್ತದೆಯೇ? ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಇಂಥ ನೀರನ್ನು ಕೆರೆಯಿಂದ ನೇರವಾಗಿ ಎತ್ತಿ ಕೊತ್ತಂಬರಿ, ಸೌತೆ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸಬಾರದು. ಈ ಮಾತು ಕರಪತ್ರದಲ್ಲಿ ಬಂದರೆ ಮೂಲೆ ಸೇರುತ್ತದೆ; ಪಕ್ಕದ ಊರಿನ ರೈತನ ಬಾಯಲ್ಲಿ ಬಂದರೆ ಮನಸ್ಸಿಗೆ ಹತ್ತುತ್ತದೆ.

ಸಂಸ್ಕೃತಿಯ ವಿಚಾರವೂ ಇದರಿಂದ ದೂರದ್ದಲ್ಲ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವನ್ನು ಬಲ್ಲವರು ಇಂದು ಮುದುಕರಾಗಿದ್ದಾರೆ. ಬರಗಾಲದ ವರ್ಷ ಯಾವ ಗದ್ದೆಗೆ ಮೊದಲು ನೀರು, ಕೋಡಿ ಬಿದ್ದಾಗ ಏನು ಮಾಡಬೇಕು, ರಾಜಕಾಲುವೆಯ ಹೂಳನ್ನು ಯಾರು ಎತ್ತಬೇಕು ಎಂಬ ಕಟ್ಟಳೆಗಳು ಅವರಿಗೆ ಗೊತ್ತು. ಅವರ ಮಾತನ್ನು ಈಗಲೇ ಧ್ವನಿಮುದ್ರಿಸದಿದ್ದರೆ ಆ ತಿಳಿವಳಿಕೆ ಅವರೊಂದಿಗೇ ಹೋಗುತ್ತದೆ.

ಆದ್ದರಿಂದ ಓದುಗರಲ್ಲಿ ನಮ್ಮ ಸಲಹೆ ಇಷ್ಟು. ಸಮುದಾಯ ಬಾನುಲಿಯ ಪ್ರಸಾರ ಸಾಮಾನ್ಯವಾಗಿ 5ರಿಂದ 10 ಕಿಲೋಮೀಟರಿನಷ್ಟು ಮಾತ್ರ. ನಿಮ್ಮ ಊರು ಅಂಥ ಕೇಂದ್ರದ ವ್ಯಾಪ್ತಿಯಲ್ಲಿದ್ದರೆ ಹಾಲಿನ ಸಂಘ, ಸ್ವಸಹಾಯ ಸಂಘ, ಕೆರೆ ಬಳಕೆದಾರರ ಸಂಘಗಳಿಂದ ಒಬ್ಬೊಬ್ಬರಂತೆ ಸೇರಿ ತಿಂಗಳಿಗೊಂದು ವಿಷಯ ಆರಿಸಿಕೊಳ್ಳಿ. ವಾದ ಇರುವಲ್ಲಿ ಎರಡು ಕಡೆಯವರನ್ನೂ ಕರೆಯಿರಿ. ವ್ಯಕ್ತಿನಿಂದೆ ಬೇಡ, ಲೆಕ್ಕ, ಅಳತೆ, ದಿನಾಂಕ ಇಟ್ಟುಕೊಂಡು ಮಾತನಾಡಿ. ಹೆಂಗಸರಿಗೆ ಮೊದಲು ಮಾತು ಕೊಡಿ. ನೀರಿನ ಕಷ್ಟ ಅವರಿಗೆ ಚೆನ್ನಾಗಿ ಗೊತ್ತು. ಚರ್ಚೆಯಲ್ಲಿ ಮೂಡಿದ ಬೇಡಿಕೆಯನ್ನು ಬರೆದು ಗ್ರಾಮಸಭೆಯ ಮುಂದಿಡಿ. ಕೇಂದ್ರವಿಲ್ಲದ ಕಡೆ ಹಳೆಯ ಕೂಟದ ಕ್ರಮವನ್ನೇ ಅನುಸರಿಸಿ, ಆಕಾಶವಾಣಿಯ ಕಾರ್ಯಕ್ರಮವನ್ನು ಒಟ್ಟಿಗೆ ಕೇಳಿ, ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸಿ.

ಕೃಷಿ ಇಲಾಖೆಯವರೂ ಪಂಚಾಯಿತಿಯವರೂ ಇಂಥ ಚರ್ಚೆಗೆ ಹೋಗಿ ಉತ್ತರ ಕೊಡಲು ಹಿಂಜರಿಯಬಾರದು. ಜನರ ಎದುರು ಒಮ್ಮೆ ಕೊಟ್ಟ ಮಾತನ್ನು ಮರೆಯುವುದು ಕಡತದಲ್ಲಿ ಬರೆದುದನ್ನು ಮರೆತಷ್ಟು ಸುಲಭವಲ್ಲ.