ಸದನದ ಬಾಗಿಲು ಕಾಯುವವರು

ಅರಸನ ಪ್ರತಿನಿಧಿಯು ಚುನಾಯಿತ ಸರ್ಕಾರದ ಸಲಹೆಗೆ ಎಲ್ಲಿಯವರೆಗೆ ಬದ್ಧನಾಗಿರಬೇಕು? 1978ರಲ್ಲಿ ಸ್ವತಂತ್ರವಾದರೂ ಬ್ರಿಟನ್ನಿನ ದೊರೆಯನ್ನೇ ರಾಷ್ಟ್ರದ ಮುಖ್ಯಸ್ಥರೆಂದು ಉಳಿಸಿಕೊಂಡಿರುವ ಪೆಸಿಫಿಕ್ ದ್ವೀಪರಾಷ್ಟ್ರ ಟುವಾಲು, ಈ ಪ್ರಶ್ನೆಯನ್ನು 2013ರಲ್ಲಿ ಎದುರಿಸಿತು. ಉಪಚುನಾವಣೆಯೊಂದರ ಫಲಿತಾಂಶದಿಂದ ಬಹುಮತ ಕಳೆದುಕೊಂಡ ಪ್ರಧಾನಿ ವಿಲ್ಲಿ ಟೆಲಾವಿ ಸಂಸತ್ತನ್ನು ಕರೆಯಲು ಹಿಂದೇಟು ಹಾಕಿದರು. ಗವರ್ನರ್ ಜನರಲ್ ಇಯಾಕೊಬಾ ಇಟಾಲೆಲಿ ತಾವೇ ಸದನವನ್ನು ಕರೆಸಿ, ಆಗಸ್ಟ್ 1ರಂದು ಪ್ರಧಾನಿಯನ್ನು ವಜಾ ಮಾಡಿದರು. ಮರುದಿನವೇ ಸದನವು ಅವಿಶ್ವಾಸ ಗೊತ್ತುವಳಿಯನ್ನು ಅಂಗೀಕರಿಸಿತು.

ನಮ್ಮ ರಾಜ್ಯಪಾಲರು ಅರಸನ ಪ್ರತಿನಿಧಿಗಳಲ್ಲ. ಆದರೆ ಹುದ್ದೆಯ ಅಚ್ಚು ಅದೇ. ಮೈಸೂರಿನಲ್ಲಂತೂ ಮಹಾರಾಜರೇ ಮೊದಲು ರಾಜಪ್ರಮುಖರಾಗಿ, 1956ರಲ್ಲಿ ರಾಜ್ಯಪಾಲರಾದರು. ಆ ಮಹಾರಾಜರಿಂದ 1947ರಲ್ಲಿ ಜವಾಬ್ದಾರಿ ಸರ್ಕಾರವನ್ನು ಪಡೆದು ಅದರ ಮುಖ್ಯಸ್ಥರಾದವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ. ಇಪ್ಪತ್ತು ವರ್ಷಗಳ ನಂತರ ಅವರ ಪಾತ್ರ ಬದಲಾಗಿತ್ತು. 1967ರ ಜುಲೈನಲ್ಲಿ ಮಧ್ಯಪ್ರದೇಶದ ಆಡಳಿತ ಪಕ್ಷದಲ್ಲಿ ಪಕ್ಷಾಂತರವಾದಾಗ, ಅಲ್ಲಿನ ರಾಜ್ಯಪಾಲರಾಗಿದ್ದ ರೆಡ್ಡಿಯವರು ಮುಖ್ಯಮಂತ್ರಿ ದ್ವಾರಕಾ ಪ್ರಸಾದ್ ಮಿಶ್ರರ ಸಲಹೆಯಂತೆ ವಿಧಾನಸಭೆಯ ಅಧಿವೇಶನವನ್ನು ಮುಕ್ತಾಯಗೊಳಿಸಿದರು. ಸಲಹೆ ಪಾಲಿಸಿದ್ದು ಸಂವಿಧಾನಬದ್ಧವೇ. ಆದರೆ ಬಹುಮತವನ್ನು ಅಳೆಯಬೇಕಾದ ಸದನದ ಬಾಗಿಲು ಆ ಗಳಿಗೆಯಲ್ಲಿ ಮುಚ್ಚಿತು. ತಿಂಗಳು ಮುಗಿಯುವುದರೊಳಗೆ ಸರ್ಕಾರ ಬದಲಾಯಿತು.

ಒಬ್ಬರು ಸಲಹೆಯನ್ನು ಮೀರಿ ಸದನವನ್ನು ತೆರೆಸಿದರು, ಇನ್ನೊಬ್ಬರು ಸಲಹೆಗೆ ತಲೆಬಾಗಿ ಅದನ್ನು ಮುಚ್ಚಿದರು. ಸಲಹೆ ಮತ್ತು ಸದನ ಎರಡನ್ನೂ ಬದಿಗೊತ್ತುವ ಮೂರನೆಯ ದಾರಿಯೂ ಇದೆ ಎಂಬುದನ್ನು ಕರ್ನಾಟಕ 1989ರಲ್ಲಿ ಕಂಡಿತು. ಎಸ್.ಆರ್. ಬೊಮ್ಮಾಯಿ ಅವರು ವಿಧಾನಸಭೆಯಲ್ಲೇ ಬಹುಮತ ಸಾಬೀತುಪಡಿಸುವುದಾಗಿ ಹೇಳಿದರೂ, ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಶಾಸಕರ ಪತ್ರಗಳನ್ನು ನಂಬಿ ವರದಿ ಕಳುಹಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಬಹುಮತದ ಪರೀಕ್ಷೆಗೆ ಸದನವೇ ತಕ್ಕ ಸ್ಥಳವೆಂದು ಸುಪ್ರೀಂ ಕೋರ್ಟ್ 1994ರಲ್ಲಿ ತೀರ್ಪು ನೀಡಿತಾದರೂ, ಬೊಮ್ಮಾಯಿಯವರಿಗೆ ಅಧಿಕಾರ ಮರಳಿ ಬರಲಿಲ್ಲ. 2018ರಲ್ಲಿ ರಾಜ್ಯಪಾಲರು ಬಹುಮತ ಸಾಬೀತಿಗೆ 15 ದಿನ ಕೊಟ್ಟಾಗ, ನ್ಯಾಯಾಲಯವೇ ಆ ಗಡುವನ್ನು ಮೊಟಕುಗೊಳಿಸಬೇಕಾಯಿತು.

ಪ್ರತಿನಿಧಿ ಅರಸನವನೋ ರಾಷ್ಟ್ರಪತಿಯವನೋ ಎಂಬುದು ಮುಖ್ಯವಲ್ಲ. ಅವನ ವಿವೇಚನೆಯಿಂದ ಸದನದ ಬಾಗಿಲು ತೆರೆಯಿತೇ, ಮುಚ್ಚಿತೇ ಎಂಬುದೇ ಒರೆಗಲ್ಲು. ವಜಾ ಮಾಡುವ ಅಧಿಕಾರ ಅಪಾಯಕಾರಿ, ನಿಜ. ಟುವಾಲುವಿನಲ್ಲಿ ಅದು ಸಹ್ಯವೆನಿಸಿದ್ದು, ಕೊನೆಯ ಮಾತನ್ನು ಜನಪ್ರತಿನಿಧಿಗಳಿಗೇ ಬಿಟ್ಟದ್ದರಿಂದ.