ಒತ್ತಕ್ಷರ ಉದುರಿದ್ರೆ ಬಗ್ ಅಲ್ವಾ?

ಸಾಲ ಕೊಡುವ ಒಂದು ಕಂಪನಿಗೆ ನಮ್ಮ ಟೀಮ್ ಮಾಡಿದ ಕೆಲಸ ಇದು. ಗ್ರಾಹಕರ ರೆಕಾರ್ಡ್ ತೆರೆದು ಬಟನ್ ಒತ್ತಿದರೆ ನಮ್ಮ ಕೋಡ್ ಸಾಲದ ಪತ್ರವನ್ನು ಪಿಡಿಎಫ್ ಮಾಡಿ ಅದೇ ರೆಕಾರ್ಡಿಗೆ ಅಟ್ಯಾಚ್ ಮಾಡುತ್ತೆ. ಡೆಮೊದಲ್ಲಿ ಒತ್ತಿದೆವು, ಫೈಲ್ ಬಂತು, ಚಪ್ಪಾಳೆ ಬಿತ್ತು. ಫೈಲ್ ತೆರೆದು ನೋಡಿದವರು ಮಾತ್ರ ಒಬ್ಬರೂ ಇಲ್ಲ.

ಸಂಜೆ ನಾನು ತೆರೆದೆ. ರೆಕಾರ್ಡಿನಲ್ಲಿ ನೆಟ್ಟಗಿದ್ದ 'ಲಕ್ಷ್ಮಮ್ಮ' ಪಿಡಿಎಫ್‌ನಲ್ಲಿ 'ಲಕ್‌ಷ್‌ಮಮ್‌ಮ' ಆಗಿದ್ದಳು. ಟಿಕೆಟ್ ಹಾಕಿದೆ. ಉತ್ತರ ಬಂತು: "ಎಡ್ಜ್ ಕೇಸ್. ಸದ್ಯಕ್ಕೆ ಇಂಗ್ಲಿಷಲ್ಲೇ ಕಳಿಸೋಣ, ಕನ್ನಡ ಆಮೇಲೆ." ಕರ್ನಾಟಕದ ಗ್ರಾಹಕರಿಗೆ ಕನ್ನಡ ಎಡ್ಜ್ ಕೇಸ್ ಅಂತೆ!

ಇದು ಕನ್ನಡದ ತಪ್ಪಲ್ಲ. 'ಕ್ಷ್ಮ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಐದು ಸಂಕೇತ. ಆ ಐದನ್ನೂ ಜೋಡಿಸಿ ಒತ್ತು ಕೂರಿಸುವುದಕ್ಕೆ ಶೇಪಿಂಗ್ ಅಂತಾರೆ. ಎಷ್ಟೋ ಪಿಡಿಎಫ್ ಲೈಬ್ರರಿಗಳು ಆ ಕೆಲಸ ಮಾಡದೆ ಸಂಕೇತಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು, ನಮಗೆ ಸಾಲದು. ಹಾಗಂತ ಪರಿಹಾರ ಇಲ್ಲದೆ ಏನಿಲ್ಲ. ಶೇಪಿಂಗ್ ಮಾಡುವ ಹಾರ್ಫ್‌ಬಝ್ ಉಚಿತ, ನೋಟೋ ಸಾನ್ಸ್ ಕನ್ನಡ ಫಾಂಟೂ ಉಚಿತ. ಕ್ರೋಮ್ ಒಳಗೆ ಇರುವುದೂ ಅದೇ ಹಾರ್ಫ್‌ಬಝ್. ಅಂದರೆ ಪರದೆಯಿಲ್ಲದೆ ಓಡುವ ಕ್ರೋಮ್‌ಗೆ ಪುಟ ಕೊಟ್ಟು, ಬಂದ ಪಿಡಿಎಫ್ಅನ್ನು ರೆಕಾರ್ಡಿಗೆ ಅಂಟಿಸಿದರೆ ಮುಗೀತು. ಸರ್ವರ್ ಒಂದು ಜಾಸ್ತಿ ಬೇಕಾಗುತ್ತೆ, ನಿಜ. ಬಟನ್ನಿನ ಬಣ್ಣ ಆರಿಸಲು ಮೂರು ಮೀಟಿಂಗ್ ಮಾಡುವವರು ನಾವು, ಇಷ್ಟಕ್ಕೆ ಸಮಯ ಇಲ್ವಾ?

ಕನ್ನಡವನ್ನು ಚಿತ್ರ ಮಾಡಿ ಅಂಟಿಸೋಣ ಅಂತಲೂ ಒಬ್ಬರು ಅಂದರು. ಬೇಡ ಸ್ವಾಮಿ. ಚಿತ್ರದಲ್ಲಿ ಹೆಸರು ಹುಡುಕಕ್ಕಾಗಲ್ಲ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳಲ್ಲ.

ಇದನ್ನು ಬರೀ ಭಾಷಾಭಿಮಾನ ಅಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ ಸುತ್ತೋಲೆಯ ಪ್ರಕಾರ, ಬಡ್ಡಿ, ಶುಲ್ಕ ಎಲ್ಲ ಬರೆದಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಬೇಕು, ಅರ್ಥವಾಯಿತು ಅಂತ ಅವರಿಂದ ಒಪ್ಪಿಗೆಯನ್ನೂ ಪಡೆಯಬೇಕು. ಓದಲಾಗದ ಹಾಳೆಗೆ ಸಹಿ ಹಾಕಿದ ಹೆಂಗಸಿಗೆ ದಂಡದ ಶುಲ್ಕ ಎಷ್ಟು ಅಂತ ಗೊತ್ತಾಗುವುದು ಕಂತು ತಪ್ಪಿದ ಮೇಲೆ. ಅಲ್ಲಿಯವರೆಗೆ ನಮ್ಮ ಸಿಸ್ಟಮ್‌ನಲ್ಲಿ ಎಲ್ಲ ಹಸಿರು.

ಹಸಿರು ಯಾಕೆ ಅಂದರೆ, ಆ ಟೆಸ್ಟ್ ಬರೆದವನು ನಾನೇ. ಫೈಲ್ ಅಂಟಿದೆಯಾ? ಸೈಜ್ ಸೊನ್ನೆಗಿಂತ ಜಾಸ್ತಿ ಇದೆಯಾ? ಪಾಸ್. ಓದಕ್ಕಾಗುತ್ತಾ ಅಂತ ನನ್ನ ಟೆಸ್ಟ್ ಕೇಳಲೇ ಇಲ್ಲ. ಮ್ಯಾನೇಜರನ್ನು ಬೈದುಕೊಳ್ಳೋದು ಸುಲಭ, ಆದರೆ 'ಡನ್' ಅಂತ ಎಳೆದು ಹಾಕಿದ್ದು ನನ್ನ ಕೈ.

ಈಗ ನನ್ನ ಟೆಸ್ಟ್ ಡೇಟಾದಲ್ಲಿ ಜಾನ್ ಇಲ್ಲ. ಲಕ್ಷ್ಮಮ್ಮ ಇದ್ದಾಳೆ, ಕೃಷ್ಣಪ್ಪ ಇದ್ದಾನೆ. ನೀವೂ ಸೇರಿಸಿಕೊಳ್ಳಿ. ಟಿಕೆಟ್ ಮುಚ್ಚುವ ಮುಂಚೆ ಫೈಲ್ ಒಮ್ಮೆ ತೆರೆದು, ಅವರ ಹೆಸರನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಅದು ಬಗ್. ಫೇಸ್ 2ಕ್ಕೆ ತಳ್ಳಬೇಡಿ.