ಡ್ರ್ಯಾಗನ್ ಮೂಳೆಯ ವ್ಯಾಪಾರ

'ಸ್ಕೈರಿಮ್' 2011ರ ಗೇಮ್. ಆದ್ರೂ ಶನಿವಾರ ರಾತ್ರಿ ನಾನು ಆಡೋದು ಅದನ್ನೇ. ಅದರಲ್ಲಿ ಡ್ರ್ಯಾಗನ್ ಕೊಂದರೆ ಅದರ ಆತ್ಮ ನಮ್ಮೊಳಗೆ ಸೇರುತ್ತೆ. ಮೂಳೆ, ಚಿಪ್ಪು ನೆಲದ ಮೇಲೆ ಉಳಿಯುತ್ತೆ. ಒಂದು ಮೂಳೆಯ ಬೆಲೆ 500 ಚಿನ್ನದ ನಾಣ್ಯ, ತೂಕ 15. ಶುರುವಿನಲ್ಲಿ ನಾವು ಹೊರಬಹುದಾದ ತೂಕ 300. ಮೀರಿದರೆ ಓಡೋಕಾಗಲ್ಲ.

ಅಷ್ಟನ್ನೂ ಹೊತ್ತು ರಿವರ್‌ವುಡ್‌ನ ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಫಜೀತಿ. ಅಂಗಡಿಯವನ ಗಲ್ಲಾದಲ್ಲಿರೋದೇ ಸುಮಾರು 750 ನಾಣ್ಯ! ಮಾತಿನ ಕೌಶಲ ಬೆಳೆಸದಿದ್ದರೆ ಮೂಳೆಗೆ ಅರ್ಧ ಬೆಲೆಯೂ ಸಿಗಲ್ಲ. ಗಲ್ಲಾ ಮತ್ತೆ ತುಂಬಲು ಆಟದ ಲೆಕ್ಕದಲ್ಲಿ ಎರಡು ದಿನ ಕಾಯಬೇಕು. ಹೀಗೆ ಮಾರಿ ಮಾರಿ, ಡ್ರ್ಯಾಗನ್ ಆಕಾಶದಲ್ಲಿ ಕಂಡರೆ ಸಾಕು, ನನಗೆ ಅದರ ಮೂಳೆಯ ರೇಟು ನೆನಪಾಗ್ತಿತ್ತು.

ಅದೇ ಆಟದಲ್ಲಿ ಪಾರ್ಥುರ್ನಾಕ್ಸ್ ಅಂತ ಒಬ್ಬ ಮುದಿ ಡ್ರ್ಯಾಗನ್ ಇದ್ದಾನೆ. ಒಂದು ಕಾಲದಲ್ಲಿ ಕ್ರೂರಿ. ಆಮೇಲೆ ಧ್ಯಾನದಿಂದ ತನ್ನ ಹುಟ್ಟುಗುಣ ಗೆದ್ದು, ಬೆಟ್ಟದ ತುದಿಯಲ್ಲಿ ಒಬ್ಬನೇ ಕೂತಿರ್ತಾನೆ. ನಮಗೆ ಗುರುವೂ ಹೌದು. 'ಬ್ಲೇಡ್ಸ್' ಅನ್ನೋ ಪಂಗಡ ಮಾತ್ರ ಅವನ ಹಳೇ ಪಾಪಕ್ಕೆ ಕೊಲ್ಲು ಅನ್ನುತ್ತೆ. ಕೊಲ್ಲಲೇಬೇಕು ಅಂತೇನಿಲ್ಲ, ಆಟ ಮುಂದೆ ಹೋಗುತ್ತೆ.

ಮೊದಲ ಸಲ ನಾನು ಕೊಂದೆ. ಅವನು ಬಿದ್ದ ತಕ್ಷಣ ನನ್ನ ಬೆರಳು ಹೋಗಿದ್ದು ಮೂಳೆ ಹುಡುಕುವ ಬಟನ್ ಮೇಲೆ. ಪಾಠ ಹೇಳಿಕೊಟ್ಟವನನ್ನೂ ತೂಕಕ್ಕೆ ಹಾಕೋಕೆ ಹೊರಟಿದ್ದೆ. ಆಟವನ್ನು ಅಲ್ಲೇ ಮುಚ್ಚಿ, ಹಳೇ ಸೇವ್ ತೆರೆದೆ.

ಈಗಲೂ ಮೂಳೆ ಮಾರ್ತೀನಿ. ಆದರೆ ಆ ಬೆಟ್ಟ ಹತ್ತುವಾಗ ಕತ್ತಿ ಒರೆಯಲ್ಲೇ ಇರುತ್ತೆ.